ಕೇಳದ ಕಿವಿಗೆ ಹಣವೇಕೆ?

ಮಾತನ್ನು ಕೇಳಿ ಅಕ್ಷರವಾಗಿಸುವ ತಂತ್ರಾಂಶದ ಜಾಹೀರಾತಿನ ಕೊನೆಯಲ್ಲಿ ‘ಕನ್ನಡವೂ ಲಭ್ಯ’ ಎಂದು ಮುದ್ರಿಸುವುದಕ್ಕೆ ತಯಾರಕನಿಗೆ ಖರ್ಚೇನೂ ಬೀಳುವುದಿಲ್ಲ. ಖರ್ಚು ಬೀಳುವುದು ಆ ಎರಡು ಪದಗಳನ್ನು ನಂಬಿದವನಿಗೆ. ಬೆಟಗೇರಿಯ ಡಿಟಿಪಿ ಅಂಗಡಿಯವನು, ಲಕ್ಷ್ಮೇಶ್ವರದ ವಕೀಲರ ಗುಮಾಸ್ತ, ಕಣ್ಣು ಮಂಜಾದ ಮೇಲೂ ಬರವಣಿಗೆ ಬಿಡದ ಮುಂಡರಗಿಯ ನಿವೃತ್ತ ಅಧ್ಯಾಪಕ, ಇವರಲ್ಲಿ ಯಾರೇ ಆಗಲಿ ಉಕ್ತಲೇಖನ ತಂತ್ರಾಂಶದ ಹಳೆಯ ಆವೃತ್ತಿಯನ್ನು ಬಿಟ್ಟು ಹೊಸದಕ್ಕೆ ಹಣ ಕಟ್ಟಿದರೆ ಬಹುಮಟ್ಟಿಗೆ ನಡೆಯುವುದು ಒಂದೇ ಕಥೆ. ಅಳವಡಿಕೆ ಅರ್ಧಕ್ಕೆ ನಿಲ್ಲುತ್ತದೆ. ಪರವಾನಗಿ ಸಂಖ್ಯೆಯನ್ನು ಯಂತ್ರ ಒಪ್ಪುವುದಿಲ್ಲ. ಇವೆರಡನ್ನೂ ದಾಟಿ ಬಂದರೆ ಪರದೆಯ ಮೇಲೆ ಮೂಡುವುದು ಆಡಿದ ಮಾತಲ್ಲ, ಇನ್ನೇನೋ. ಸಹಾಯವಾಣಿಗೆ ಕರೆ ಮಾಡಿದರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಸಿಗುವ ಸಮಾಧಾನ: ಸ್ಪಷ್ಟವಾಗಿ, ಶುದ್ಧವಾಗಿ ಮಾತನಾಡಿ.

ಈ ಉಪದೇಶ ಬೇರೆಲ್ಲಿಯಾದರೂ ಸಹ್ಯವಾದೀತು. ಲಕ್ಷ್ಮೇಶ್ವರದಲ್ಲಿ ಅದು ಚರಿತ್ರೆಗೆ ಮಾಡುವ ಅಪಹಾಸ್ಯ. ಲಕ್ಷ್ಮೇಶ್ವರವೆಂದರೆ ಪುಲಿಗೆರೆ, ಶಾಸನಗಳ ‘ಪುಲಿಗೆರೆ ಮುನ್ನೂರು’ ನಾಡಿನ ಮುಖ್ಯಸ್ಥಳ, ಶಂಖಬಸದಿಯ ಊರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆಯೆಂದು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನೆಲಕ್ಕೆ ಬೆರಳು ತೋರಿಸುತ್ತದೆ. ಹತ್ತನೆಯ ಶತಮಾನದ ಪಂಪ ತನ್ನ ಕಾವ್ಯಕ್ಕೆ ಪುಲಿಗೆರೆಯ ತಿರುಳ್ಗನ್ನಡವೇ ಆಧಾರವೆಂದು ಹೆಮ್ಮೆಯಿಂದ ಹೇಳಿಕೊಂಡ. ಆ ನೆಲದವನ ಬಾಯಲ್ಲಿ ಕನ್ನಡ ಸರಿಯಿಲ್ಲವೆಂದು ಇಂದು ತೀರ್ಪು ಕೊಡುತ್ತಿರುವುದು ಆ ನೆಲದ ಕನ್ನಡವನ್ನು ಸರಿಯಾಗಿ ಕೇಳಿಸಿಕೊಂಡೇ ಇಲ್ಲದ ಯಂತ್ರ.

ಸಾವಿರ ವರ್ಷದ ಹಿಂದಿನ ಹಿರಿಮೆಯಿಂದ ಇಂದಿನ ಆಡುಮಾತಿಗೆ ವಿನಾಯಿತಿ ಸಿಗದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿಯೇ, ಪಂಪನ ಭಾಷೆಯನ್ನು ಲಕ್ಷ್ಮೇಶ್ವರದ ಸಂತೆಯಲ್ಲಿ ಇಂದು ಯಾರೂ ಆಡುವುದಿಲ್ಲ. ಆದರೆ ಅದೇ ಕವಿರಾಜಮಾರ್ಗ ಇನ್ನೊಂದು ಮಾತನ್ನೂ ಹೇಳಿದೆ: ಕನ್ನಡಗಳು ಹಲವು, ಅವುಗಳ ದೇಸಿ ಭೇದಗಳನ್ನೆಲ್ಲ ಅರಿಯಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂದು. ಕನ್ನಡ ಒಂದೇ ಬಗೆಯಲ್ಲಿಲ್ಲವೆಂಬುದು ಶ್ರೀವಿಜಯನಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲೇ ಗೊತ್ತಿತ್ತು. ಇಂದಿನ ತಯಾರಕರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿದೆ.

ದೋಷ ಎಲ್ಲಿದೆಯೆಂದು ಶಾಂತವಾಗಿ ನೋಡುವುದು ಒಳ್ಳೆಯದು. ಎಲ್ಲ ಸೋಲೂ ಭಾಷೆಯ ಸೋಲಲ್ಲ. ಇಂಥ ತಂತ್ರಾಂಶ ಬಳಕೆದಾರನ ಹೆಸರಿನಲ್ಲಿ ಒಂದು ಕಡತವನ್ನು ಇಟ್ಟುಕೊಳ್ಳುತ್ತದೆ. ಅವನು ವರ್ಷಗಟ್ಟಲೆ ತಿದ್ದಿ ಕಲಿಸಿದ ಪದಗಳು, ಊರುಗಳ ಹೆಸರುಗಳು, ವ್ಯಕ್ತಿನಾಮಗಳು ಎಲ್ಲ ಅದರಲ್ಲಿರುತ್ತವೆ. ಹಳೆಯ ಆವೃತ್ತಿಯನ್ನು ಕಿತ್ತುಹಾಕುವ ಮುನ್ನ ಆ ಕಡತವನ್ನು ಬೇರೆಡೆ ಪ್ರತಿಮಾಡಿ ಇಡದಿದ್ದರೆ ಅಷ್ಟೂ ದುಡಿಮೆ ಒಂದು ಗುಂಡಿಯ ಒತ್ತಿನಲ್ಲಿ ಹೋಗಬಹುದು. ಪರವಾನಗಿ ಸಂಖ್ಯೆ ಹಲವು ವೇಳೆ ಒಂದೇ ಯಂತ್ರಕ್ಕೆ ಕಟ್ಟಿದ್ದು. ಹಾರ್ಡ್‌ಡಿಸ್ಕ್ ಕೆಟ್ಟು ಬದಲಾಯಿಸಿದರೆ ಹಳೆಯ ಕಂಪ್ಯೂಟರೇ ಹೊಸದೆಂದು ಎಣಿಕೆಯಾಗುತ್ತದೆ. ಕನ್ನಡದ ಭಾಷಾಕಡತ ಬಹಳ ಸಲ ಮೂಲ ತಂತ್ರಾಂಶದ ಜೊತೆ ಬರುವುದೇ ಇಲ್ಲ, ಬೇರೆಯಾಗಿ ಇಳಿಸಿಕೊಳ್ಳಬೇಕು; ಶಿರಹಟ್ಟಿಯಲ್ಲಿ ಆ ಹೊತ್ತಿಗೆ ಕರೆಂಟು ಹೋದರೆ ಕಡತ ಅರ್ಧವೇ ಇಳಿದು, ತಂತ್ರಾಂಶ ಏನೂ ಹೇಳದೆ ಇಂಗ್ಲಿಷಿಗೆ ಮರಳುತ್ತದೆ. ಮೈಕು ಬಳಸಲು ಕಂಪ್ಯೂಟರು ಅನುಮತಿ ಕೊಟ್ಟಿರಬೇಕು. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಸೆಟ್ಟು ಸಂಗೀತ ಕೇಳುವುದಕ್ಕೆ ಚೆನ್ನಾಗಿದ್ದರೂ ಅದರ ಮೈಕು ಚಾಲೂ ಆದೊಡನೆ ಧ್ವನಿಯ ಗುಣಮಟ್ಟ ಕುಸಿಯುವುದುಂಟು. ತಂತಿಯಿರುವ ಸಾಧಾರಣ ಮೈಕೇ ಅದಕ್ಕಿಂತ ಮೇಲು. ಇವೆಲ್ಲ ತಿಳಿದವನೊಬ್ಬ ಪಕ್ಕದಲ್ಲಿ ಕುಳಿತರೆ ಒಂದು ಗಂಟೆಯಲ್ಲಿ ಬಗೆಹರಿಯುವ ತೊಡಕುಗಳು. ಆದರೆ ಆ ತಿಳಿದವನನ್ನು ಕಳಿಸುವುದು ಮಾರಿದವನ ಹೊಣೆಯೆಂದು ಮಾರಿದವನು ಎಂದೂ ಭಾವಿಸಿಲ್ಲ. ಮೆನು ಕನ್ನಡದಲ್ಲಿದ್ದರೂ ದೋಷಸೂಚನೆ ಬರುವುದು ಇಂಗ್ಲಿಷಿನಲ್ಲಿ. ಗದುಗಿಗೆ ಹತ್ತಿರದ ಮುಳಗುಂದದಲ್ಲಿದ್ದ ನಯಸೇನ 1112ರಲ್ಲಿ ಧರ್ಮಾಮೃತವನ್ನು ಬರೆದಾಗ, ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರೆಂದು ಹಂಗಿಸಿದ್ದ. ಈ ಮೆನುಗಳನ್ನು ಕಂಡಿದ್ದರೆ ಅವನು ಇನ್ನೂ ಕಟುವಾಗಿ ಬರೆಯುತ್ತಿದ್ದ.

ಇಷ್ಟನ್ನೂ ಸರಿಪಡಿಸಿದ ಮೇಲೆ ಗದುಗಿನ ಮುದ್ರಣಾಲಯದಲ್ಲಿ ಇನ್ನೊಂದು ಗೋಡೆ ಎದುರಾಗುತ್ತದೆ. ಉಕ್ತಲೇಖನ ತಂತ್ರಾಂಶ ಬರೆಯುವುದು ಯುನಿಕೋಡ್‌ನಲ್ಲಿ. ಪುಸ್ತಕ ಕಟ್ಟುವವರ ಬಳಿ ಇಂದಿಗೂ ಇರುವುದು 2001ರಲ್ಲಿ ಕೊನೆಯ ಆವೃತ್ತಿ ಕಂಡ ಪೇಜ್‌ಮೇಕರ್ ಮತ್ತು ನುಡಿಯ ಹಳೆಯ ಆಸ್ಕಿ ಫಾಂಟುಗಳು. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ತಿಳಿಯದು. ಆದುದರಿಂದ ಹೇಳಿ ಬರೆಸಿದ್ದನ್ನು ಪರಿವರ್ತಕಕ್ಕೆ ಕೊಡಬೇಕು. ಪರಿವರ್ತಕದಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ. ಹತ್ತು ನಿಮಿಷದಲ್ಲಿ ಹೇಳಿಸಿದ್ದನ್ನು ತಿದ್ದಲು ಒಂದು ತಾಸು ಬೇಕಾದರೆ ಕೀಲಿಮಣೆಯೇ ಲಾಭ. ಹೊಸ ಆವೃತ್ತಿಯನ್ನು ಮಾರುವವನು ಗಿರಾಕಿಯ ಬಳಿ ಪುಟವಿನ್ಯಾಸಕ್ಕೆ ಯಾವ ತಂತ್ರಾಂಶವಿದೆಯೆಂದು ಒಂದು ಪ್ರಶ್ನೆ ಕೇಳಿದ್ದರೆ ಈ ನಷ್ಟ ತಪ್ಪುತ್ತಿತ್ತು. ಅವನು ಕೇಳುವುದಿಲ್ಲ, ಕೇಳಿದರೆ ಮಾರಾಟವೇ ತಪ್ಪೀತು.

ಹಳಗನ್ನಡದವರ ಪಾಡು ಬೇರೆಯೇ. ಱಕಾರ, ೞಕಾರ ಎರಡಕ್ಕೂ ಯುನಿಕೋಡ್‌ನಲ್ಲಿ ಸ್ಥಾನವಿದೆ. ಆದರೆ ೞಕ್ಕೆ ಅಲ್ಲಿ ಕೊಟ್ಟ ಅಧಿಕೃತ ಹೆಸರು ‘ಫಾ’! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಶಾಶ್ವತವಾಗಿ ಉಳಿದು, ಸರಿಯಾದ ಹೆಸರು ಅಡ್ಡಹೆಸರಾಗಿ ಪಕ್ಕದಲ್ಲಿ ನಿಂತಿದೆ. ಕೇಶಿರಾಜನ ವ್ಯಾಕರಣ ಓದಿದ ಒಬ್ಬ ವಿದ್ಯಾರ್ಥಿಯನ್ನು ಕೇಳಿದ್ದರೂ ಸಾಕಿತ್ತು. ಇರಲಿ.

ಮುಖ್ಯ ಆರೋಪ ಉಚ್ಚಾರಣೆಯದು. ಯಂತ್ರ ಕೇಳುವುದನ್ನು ಕಲಿಯುವುದು ಕೇಳಿಸಿದ್ದರಿಂದ. 1997ರಲ್ಲಿ ಬಂದ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಉಕ್ತಲೇಖನವನ್ನು ಮನೆಮನೆಯ ಕಂಪ್ಯೂಟರಿಗೆ ತಂದಿತು. ಅದರ ಯಾವ ಆವೃತ್ತಿಯೂ ಕನ್ನಡ ಕಲಿಯಲಿಲ್ಲ. ಗೂಗಲ್ಲಿನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. 2022ರಲ್ಲಿ ಬಿಡುಗಡೆಯಾದ ವಿಸ್ಪರ್ ಎಂಬ ಹೆಸರಾಂತ ಮಾದರಿಗೆ 6,80,000 ಗಂಟೆಗಳ ಧ್ವನಿಯನ್ನು ಕೇಳಿಸಲಾಯಿತು. ಅದರಲ್ಲಿ ಕನ್ನಡದ ಮಾತನ್ನು ಕನ್ನಡದ ಅಕ್ಷರಕ್ಕೆ ಜೋಡಿಸಿದ ಭಾಗ ಐದು ಗಂಟೆಗೂ ಕಡಿಮೆ. ಒಂದು ಊರಿನಲ್ಲಿ ಅರ್ಧ ದಿನ ಕುಳಿತು ಹೋದವನು ಆ ನಾಡಿನ ಭಾಷೆ ಬಲ್ಲೆನೆಂದರೆ ನಗುತ್ತಾರೆ. ಯಂತ್ರ ಹೇಳಿದರೆ ಹಣ ಕೊಡುತ್ತಾರೆ.

ಗದುಗಿನವನು ‘ಮನೆ’ಯನ್ನು ‘ಮನಿ’ ಎನ್ನುತ್ತಾನೆ, ‘ಬೇಳೆ’ಯನ್ನು ‘ಬ್ಯಾಳಿ’ ಎನ್ನುತ್ತಾನೆ. ‘ಮಾಡುತ್ತಿದ್ದಾರೆ’ ಎಂಬಲ್ಲಿ ಅವನ ಮಾತು ‘ಮಾಡಾಕತ್ತಾರ’. ಇದು ತಪ್ಪು ಉಚ್ಚಾರವಲ್ಲ, ಅದರದೇ ನಿಯಮಗಳುಳ್ಳ ಕನ್ನಡ. ಬರಹದ ಕನ್ನಡದಲ್ಲೇ ಹೇಳಿ ಬರೆಸಿದರೂ ಸಂಕಟ ಮುಗಿಯುವುದಿಲ್ಲ. ಕನ್ನಡದ ಪದ ಪ್ರತ್ಯಯಗಳನ್ನು ಅಂಟಿಸಿಕೊಂಡು ಬೆಳೆಯುವ ಪದ. ‘ಹೋಗಬೇಕಾಗಿತ್ತೆಂಬುದನ್ನು’ ಎಂಬ ಒಂದೇ ಪದವನ್ನು ಯಂತ್ರ ಮೂರಾಗಿ ಕತ್ತರಿಸಿ, ನಡುವಿನದನ್ನು ತನಗೆ ಪರಿಚಯವಿರುವ ಬೇರೆ ಪದವಾಗಿಸುತ್ತದೆ. ಡಂಬಳ, ಹಮ್ಮಿಗಿ, ಕಪ್ಪತಗುಡ್ಡಗಳನ್ನು ಅದಕ್ಕೆ ಯಾರೂ ಪರಿಚಯಿಸಿಲ್ಲ. ಅಲ್ಪವಿರಾಮ, ಪೂರ್ಣವಿರಾಮಗಳನ್ನು ಬಾಯಲ್ಲಿ ಹೇಳಿ ಹಾಕಿಸುವ ಸೌಕರ್ಯ ಇಂಗ್ಲಿಷಿಗೆ ಸಿಕ್ಕಷ್ಟು ಸಲೀಸಾಗಿ ಕನ್ನಡಕ್ಕೆ ಸಿಕ್ಕಿಲ್ಲ. ವ್ಯಾಸ ಹೇಳಿದ್ದನ್ನು ಗಣಪತಿ ಬರೆದುಕೊಂಡ ಕಥೆಯಲ್ಲಿ, ಅರ್ಥವಾಗದೆ ಒಂದು ಅಕ್ಷರವನ್ನೂ ಬರೆಯಕೂಡದೆಂಬ ಷರತ್ತಿದೆ. ಬರೆದ ಅಕ್ಷರವನ್ನು ಅಳಿಸದ ಅಗ್ಗಳಿಕೆ ತನ್ನದೆಂದ ಕುಮಾರವ್ಯಾಸ ಇದೇ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕಾವ್ಯ ಕಟ್ಟಿದನೆಂಬುದು ಪ್ರತೀತಿ. ಈ ತಂತ್ರಾಂಶಕ್ಕೆ ಹೇಳಿ ಬರೆಸಿದ್ದರೆ ಅವನೂ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೇ ಕೂರಬೇಕಾಗುತ್ತಿತ್ತು.

‘ಫೋನಿನಲ್ಲಿ ಉಚಿತವಾಗಿಯೇ ಸಿಗುವಾಗ ಕೊಳ್ಳುವುದೇಕೆ, ಕೊಂಡು ಗೊಣಗುವುದೇಕೆ’ ಎನ್ನುವವರಿದ್ದಾರೆ. ಒಂದು ಕಾಗದ, ಒಂದು ಸಂದೇಶ ಬರೆಯುವುದಕ್ಕೆ ಫೋನೇ ಸಾಕು. ನಾನೂರು ಪುಟದ ಗ್ರಂಥವನ್ನು ಅಂತರ್ಜಾಲದ ಕೃಪೆಯಲ್ಲಿ, ಮಾತು ತಡೆದೊಡನೆ ತಾನೂ ನಿಂತುಬಿಡುವ ಉಪಕರಣದಲ್ಲಿ ಹೇಳಿ ಬರೆಸುವುದು ಬೇರೆ ಕೆಲಸ. ವಕೀಲನ ಕಕ್ಷಿದಾರನ ಗುಟ್ಟನ್ನು ದೂರದ ಯಾವುದೋ ಸರ್ವರಿಗೆ ಕಳಿಸುವುದು ಯುಕ್ತವೂ ಅಲ್ಲ. ಹಣ ಕೊಟ್ಟು ಕೊಳ್ಳುವವನು ಕೊಳ್ಳುವುದು ಯಂತ್ರದೊಳಗೇ ನಡೆಯುವ, ತನ್ನ ಪದಗಳನ್ನು ನೆನಪಿಡುವ ಸಾಧನವನ್ನು. ಅದು ಐಷಾರಾಮವಲ್ಲ.

ಈ ಸಾಧನ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕೆಂದು ತಿಳಿಯಲು ಗದುಗಿನವರು ದೂರ ಹೋಗಬೇಕಾಗಿಲ್ಲ; ವೀರೇಶ್ವರ ಪುಣ್ಯಾಶ್ರಮ ಊರಲ್ಲೇ ಇದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಅಂಧ ಮಕ್ಕಳಿಗೆ ಸಂಗೀತವನ್ನೂ ಅಕ್ಷರವನ್ನೂ ಕೊಟ್ಟಿದೆ. ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಕೃತಿ ರಚಿಸಿ 2010ರಲ್ಲಿ ಅಸ್ತಂಗತರಾದರು. ಅವರಂಥ ಇನ್ನೊಬ್ಬ ಬಾಲಕ ಇಂದು ಉಕ್ತಲೇಖನ ತಂತ್ರಾಂಶವನ್ನು ಒಬ್ಬನೇ ಅಳವಡಿಸಿಕೊಳ್ಳಹೊರಟರೆ ಏನಾಗುತ್ತದೆ? ಪರವಾನಗಿ ಸಂಖ್ಯೆಯನ್ನು ಉಜ್ಜಿ ತೆಗೆಯುವ ಕಾರ್ಡಿನಲ್ಲಿ ಮುದ್ರಿಸಿದ್ದರೆ ಅದನ್ನು ಅವನು ಓದಲಾರ. ‘ನೀವು ಯಂತ್ರವಲ್ಲವೆಂದು ಸಾಬೀತುಪಡಿಸಿ’ ಎಂದು ಕೇಳುವ ಚಿತ್ರವನ್ನು ಪರದೆ ಓದುವ ತಂತ್ರಾಂಶ ಹೇಳಲಾರದು. ಮಾತಿನಿಂದಲೇ ಬರೆಯಬೇಕಾದವನಿಗೆ ಮಾರುವ ವಸ್ತುವಿನ ಬಾಗಿಲನ್ನು ಕಣ್ಣಿನಿಂದ ಮಾತ್ರ ತೆರೆಯುವಂತೆ ಮಾಡಿರುವುದು ಅಜ್ಞಾನವಲ್ಲ, ಉಪೇಕ್ಷೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 42ನೆಯ ಕಲಮು ಮಾಹಿತಿ ತಂತ್ರಜ್ಞಾನವೂ ಅಂಗವಿಕಲರಿಗೆ ಎಟುಕುವಂತಿರಬೇಕೆನ್ನುತ್ತದೆ. ಸರಕಾರಿ ಕಚೇರಿಗಳು ತಂತ್ರಾಂಶ ಕೊಳ್ಳುವಾಗ ಟೆಂಡರಿನಲ್ಲಿ ಈ ಕಲಮನ್ನು ನೆನೆದರೆ ಅರ್ಧ ಕೆಲಸ ಆದಂತೆ.

ತಯಾರಕರನ್ನಷ್ಟೇ ದೂರಿ ಕನ್ನಡದ ವಿದ್ವಾಂಸರನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಎರಡು ದಶಕಗಳ ಕಾಲ ಸಂಶೋಧನ ಗ್ರಂಥಗಳು, ಸಂಪಾದಿತ ಕಾವ್ಯಗಳು, ಶಾಸನ ಸಂಪುಟಗಳು ಆಸ್ಕಿ ಫಾಂಟಿನ ಕಡತಗಳಾಗಿ ಮುದ್ರಣಾಲಯಗಳ ಹಳೆಯ ಸಿ.ಡಿ.ಗಳಲ್ಲಿ ಸೇರಿಹೋದವು. ಯಂತ್ರ ಅವನ್ನು ತೆರೆದರೆ ಕಾಣುವುದು ಅರ್ಥಹೀನ ರೋಮನ್ ಚಿಹ್ನೆಗಳು. ಕನ್ನಡದ ಒಳ್ಳೆಯ ಗದ್ಯ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ ಎಂಬಂತಾದದ್ದು ಹೀಗೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣ ಅಳಿಯದಿರಲೆಂದು ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳ ಊರಿಗೆ ಹನ್ನೆರಡು ಕಿಲೋಮೀಟರ್ ದೂರದ ಗದುಗಿನಲ್ಲಿ ಇಂದು ಒಂದು ಕಡತವನ್ನು ಯುನಿಕೋಡಿಗೆ ತಿರುಗಿಸಿ ಇಡಲು ಯಾರಿಗೂ ಪುರುಸೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ದಾಖಲಿಸಿ ಎಲ್ಲರಿಗೂ ತೆರೆದಿಡುತ್ತಿದೆ. ಅಂಥ ಕೆಲಸದಲ್ಲಿ ಶಿರಹಟ್ಟಿ, ಮುಂಡರಗಿಗಳ ಧ್ವನಿ ಎಷ್ಟಿರಬೇಕೆಂದು ಕೇಳಬೇಕಾದವರು ಇಲ್ಲಿನ ಕಾಲೇಜುಗಳ ಕನ್ನಡ ವಿಭಾಗದವರೇ.

ಇನ್ನು ಹಣದ ಮಾತು. ಸಿದ್ಧ ತಂತ್ರಾಂಶ ‘ಸರಕು’ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲೇ, ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮತ್ತು ಆಂಧ್ರಪ್ರದೇಶ ಸರಕಾರದ ನಡುವಣ ತೆರಿಗೆಯ ಪ್ರಕರಣದಲ್ಲಿ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲವೆಂದು ಮಾರಿದವನು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವನಿಗೆ ಅದೇ ಅಧಿನಿಯಮ ವಿನಾಯಿತಿ ಕೊಡುತ್ತದೆ, ಡಿಟಿಪಿ ಅಂಗಡಿಯ ಒಂಟಿ ಕೆಲಸಗಾರ ಅದರೊಳಗೆ ಬರುತ್ತಾನೆ. ಗದುಗಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿಗೆ ಹೋಗುವವನ ಕೈಯಲ್ಲಿ ಬಿಲ್ಲು, ದೋಷಸೂಚನೆಯ ಚಿತ್ರ, ಸಹಾಯವಾಣಿಯ ದೂರುಸಂಖ್ಯೆ, ಜಾಹೀರಾತಿನ ಪ್ರತಿ ಇರಬೇಕು. ‘ಕನ್ನಡವೂ ಲಭ್ಯ’ ಎಂಬ ಆ ಎರಡು ಪದಗಳಿಗೆ ಅಲ್ಲಿ ಬೆಲೆ ಬರುತ್ತದೆ.

ಅಲ್ಲಿಯವರೆಗೆ ಹೋಗದಿರಲು ಕೊಳ್ಳುವ ಮುನ್ನ ಅರ್ಧ ಗಂಟೆ ಸಾಕು. ಮಾರುವವನ ಎದುರೇ, ಅವನ ಯಂತ್ರದಲ್ಲೇ, ಕೊಳ್ಳುವವನು ತನ್ನ ನಿತ್ಯದ ಬರಹದ ಒಂದು ಪುಟವನ್ನು ತನ್ನ ಊರಿನ ಧಾಟಿಯಲ್ಲೇ ಓದಲಿ. ಅದರಲ್ಲಿ ಹತ್ತು ಊರುಗಳ ಹೆಸರು, ಹತ್ತು ಮನೆತನದ ಹೆಸರು, ಉದ್ದನೆಯ ನಾಲ್ಕಾರು ಕ್ರಿಯಾಪದಗಳು ಇರಲಿ. ಆಮೇಲೆ ಅಂತರ್ಜಾಲದ ತಂತಿ ಕಿತ್ತು ಇನ್ನೊಮ್ಮೆ ಓದಲಿ. ಮೂಡಿದ್ದನ್ನು ತನ್ನ ಮುದ್ರಣಾಲಯಕ್ಕೆ ಕಳಿಸಿ ಪುಟಕ್ಕೆ ಕೂರುತ್ತದೆಯೇ ನೋಡಲಿ. ಕೂತರೆ, ಬಿಲ್ಲಿನ ಮೇಲೆ ಆವೃತ್ತಿಯ ಸಂಖ್ಯೆಯ ಪಕ್ಕದಲ್ಲಿ ‘ಕನ್ನಡ ಉಕ್ತಲೇಖನಕ್ಕಾಗಿ’ ಎಂದು ಬರೆಯಿಸಿ, ಸಹಿ ಹಾಕಿಸಿಕೊಂಡು ಹಣ ಕೊಡಲಿ.