ಮುಂಬ್ರಾದ ಸಾವುಗಳ ಬಗ್ಗೆ ಉದ್ಯಮಿಗಳೂ ದನಿ ಎತ್ತಲಿ

2025ರ ಜೂನ್ 9ರ ಬೆಳಿಗ್ಗೆ ಮುಂಬೈ ಬಳಿಯ ದಿವಾ ಮತ್ತು ಮುಂಬ್ರಾ ನಿಲ್ದಾಣಗಳ ನಡುವೆ, ಕಿಕ್ಕಿರಿದ ಲೋಕಲ್ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರಲ್ಲಿ ಕನಿಷ್ಠ ನಾಲ್ವರು ಹಳಿಗೆ ಬಿದ್ದು ಸತ್ತರು. ಹೊಸ ರೈಲುಗಳಿಗೆ ತಾವಾಗಿ ಮುಚ್ಚುವ ಬಾಗಿಲು ಅಳವಡಿಸುವುದಾಗಿ ರೈಲ್ವೆ ಅಂದೇ ಪ್ರಕಟಿಸಿತು. ಆದರೆ ಕಲ್ಯಾಣ, ಡೊಂಬಿವಲಿ, ಮುಂಬ್ರಾದ ದುಡಿಯುವ ಜನ ಒಂದೇ ಹೊತ್ತಿಗೆ ರೈಲಿಗೆ ಮುಗಿಬೀಳುವುದಕ್ಕೆ ಕಚೇರಿಯ ವೇಳೆಯೂ ಕಾರಣ. ಅದನ್ನು ನಿಗದಿ ಮಾಡುವವರು ಉದ್ಯಮಿಗಳು. ಹಾಗಾಗಿ ಈ ವಿಷಯದಲ್ಲಿ ಅವರ ಮೌನ ತಟಸ್ಥತೆಯಾಗದು.

ಜನ ಆರಿಸದ ಶ್ರೀಮಂತರಿಗೆ ಈ ಉಸಾಬರಿ ಏಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಣ ತೆರೆಮರೆಯಲ್ಲಿ ಮಾತಾಡುವುದು ಪ್ರಜಾಪ್ರಭುತ್ವಕ್ಕೆ ಅಪಾಯವೇ. ಬಹಿರಂಗ ಮಾತು ಹಾಗಲ್ಲ, ಅದನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. 2019ರ ನವೆಂಬರ್‌ನಲ್ಲಿ ಉದ್ಯಮಿ ರಾಹುಲ್ ಬಜಾಜ್ ಮುಂಬೈಯ ವೇದಿಕೆಯೊಂದರಲ್ಲಿ ಗೃಹ ಸಚಿವ ಅಮಿತ್ ಶಾ ಅವರೆದುರೇ ಭಯದ ವಾತಾವರಣದ ಬಗ್ಗೆ ಹೇಳಿದರು. 2022ರಲ್ಲಿ ಬೆಂಗಳೂರಿನ ಉದ್ಯಮಿ ಕಿರಣ್ ಮಜುಂದಾರ್ ಶಾ ಕರ್ನಾಟಕದ ಕೋಮು ಬಿರುಕನ್ನು ಸರಿಪಡಿಸಲು ಮುಖ್ಯಮಂತ್ರಿಯನ್ನು ಕೋರಿದರು. 2025ರಲ್ಲಿ ಬೆಂಗಳೂರಿನ ರಸ್ತೆಗಳ ಬಗ್ಗೆ ಬರೆದು, ಬೇರೊಂದು ಪಕ್ಷದ ಸರ್ಕಾರದ ಮುನಿಸನ್ನೂ ಎದುರಿಸಿದರು. ಸರ್ಕಾರ ಬದಲಾದರೂ ನಿಲ್ಲದ ಮಾತಿಗೆ ತೂಕ ಹೆಚ್ಚು. ಸ್ವಹಿತವೂ ಅದರಲ್ಲಿರಬಹುದು, ನಿಜ. ಆದರೆ ನೌಕರ ಜೀವಂತವಾಗಿ ಕಚೇರಿ ತಲುಪುವುದು ಎಲ್ಲರ ಹಿತ.

ಮುಂಬೈ, ಠಾಣೆ, ನವಿ ಮುಂಬೈಯ ಉದ್ಯಮಿಗಳೇ, ಮೊದಲು ನಿಮ್ಮ ಕಚೇರಿಗಳ ವೇಳೆ ಬದಲಿಸಿ. ಆಮೇಲೆ ಹೆಚ್ಚು ರೈಲುಗಳಿಗಾಗಿ ಸರ್ಕಾರವನ್ನು ಬಹಿರಂಗವಾಗಿ ಕೇಳಿ.