ಎರಡನೇ ಸಲ ಸೋರಿದರೆ ತಪ್ಪು ಸೀಲಿನದಲ್ಲ

ಕ್ಲಚ್ ಸೋರಿತು, ಸೀಲು ಬದಲಾಯಿತು. ಆರು ತಿಂಗಳಿಗೆ ಮತ್ತೆ ಸೋರಿತು, ಮತ್ತೆ ಸೀಲು. ಸ್ಪೋರ್ಟ್ಸ್ ಕಾರು ಸಾಕಿದವರಿಗೆ ಈ ಕಥೆ ಹೊಸದಲ್ಲ. 2001ರಿಂದ ಸ್ಕೋಡಾ ಆಕ್ಟೇವಿಯಾ ತಯಾರಾದ ಛತ್ರಪತಿ ಸಂಭಾಜಿನಗರದಲ್ಲಿರಲಿ, ಕಸಾರಾ ಘಾಟಿಗೆ ಹತ್ತಿರದ ನಾಸಿಕ್‌ನಲ್ಲಿರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಸೀಲನ್ನು ತಿನ್ನುತ್ತಿರುವುದು ಯಾವುದು?

ಒಂದು ಕಾರಣ ಹೆಸರಿನಲ್ಲೇ ಇದೆ. ಕ್ಲಚ್ಚಿಗೆ ಹಾಕುವುದನ್ನು ಬ್ರೇಕ್ ಆಯಿಲ್ ಎನ್ನುತ್ತೇವೆ. ಸಾಮಾನ್ಯವಾಗಿ ಅದು ಗ್ಲೈಕಾಲ್ ದ್ರವ, ಎಣ್ಣೆಯಲ್ಲ. ಎಂಜಿನ್ ಆಯಿಲ್ ಬೆರೆತರೆ ರಬ್ಬರ್ ಉಬ್ಬಿ ಕೆಡುತ್ತದೆ. ಇನ್ನೊಂದು ಕಾರಣ ನೀರು. ಈ ದ್ರವ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಗುಳಿ ಬೀಳುತ್ತದೆ. ಆ ಗುಳಿಗೆ ಉಜ್ಜಿ ಹೊಸ ಸೀಲೂ ಸವೆಯುತ್ತದೆ.

ಮೊದಲು ಜಾಗ ಹುಡುಕಬೇಕು. ಪೆಡಲ್ ಬುಡ ಒದ್ದೆಯಾದರೆ ಮಾಸ್ಟರ್ ಸಿಲಿಂಡರ್ ನೋಡಿ, ಗೇರ್‌ಬಾಕ್ಸ್ ಕೆಳಗೆ ಹನಿ ಬಿದ್ದರೆ ಸ್ಲೇವ್ ಸಿಲಿಂಡರ್. ದ್ರವ ಇಳಿಯದೆ ಪೆಡಲ್ ಮಾತ್ರ ಕುಸಿದರೆ ಮಾಸ್ಟರ್ ಒಳಗೊಳಗೇ ಸೋರುತ್ತಿರಬಹುದು. ಹಲವು ಕಾರುಗಳಲ್ಲಿ ಸ್ಲೇವ್ ತಲುಪಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಅಷ್ಟು ಕೂಲಿ ಕೊಟ್ಟ ಮೇಲೆ ಬರೀ ಸೀಲು ಹಾಕಿಸುವುದು ಉಳಿತಾಯವಲ್ಲ. ಸಿಲಿಂಡರನ್ನೇ ಬದಲಿಸಿ, ಪೈಪು ಸ್ವಚ್ಛಗೊಳಿಸಿ, ಹೊಸ ದ್ರವ ತುಂಬಿಸಬೇಕು.

ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ದ್ರವದ ಡಬ್ಬಿ ಒಂದೇ. ಕ್ಲಚ್ಚನ್ನು ಕೆಡಿಸಿದ ದ್ರವ ಬ್ರೇಕನ್ನೂ ಬಿಡದು. ಆದ್ದರಿಂದ ಬಿಲ್ಲಿನಲ್ಲಿ ಬಿಡಿಭಾಗದ ಹೆಸರಿನ ಜೊತೆ ಸೋರಿಕೆಯ ಕಾರಣವನ್ನೂ ಬರೆಸಿಕೊಳ್ಳಿ. ಕಾರಣ ಹೇಳಲಾಗದ ರಿಪೇರಿಗೆ ಎರಡನೇ ಸಲ ದುಡ್ಡು ಕೊಡಬೇಡಿ.