ಹಿಂಗಾಜಿನ ಮಂಜು



ನೀಲಗಿರಿಯಲ್ಲಿ ಬಾಳಿದವರಿಗೆ ಡಿಸೆಂಬರ್, ಜನವರಿ ತಿಂಗಳುಗಳ ಬೆಳಗನ್ನು ವರ್ಣಿಸಬೇಕಾದುದಿಲ್ಲ. ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಹಾಸಿರುತ್ತದೆ. ಇರುಳೆಲ್ಲ ಬಯಲಿನಲ್ಲಿ ನಿಂತ ಕಾರಿನ ಗಾಜುಗಳು ಕುರುಡಾಗಿರುತ್ತವೆ. ಕಳೆದ ಚಳಿಗಾಲದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು, ಬಾಡಿಗೆಗೆ ಕಾರು ಓಡಿಸುವವನು, ಮುಂದಿನ ಗಾಜನ್ನಷ್ಟೇ ಒರಸಿ ಅವಸರದಿಂದ ಕಾರನ್ನು ಹಿಂದಕ್ಕೆ ಬಿಟ್ಟನು. ಹಿಂದೆ ಅವನ ಅಣ್ಣನ ಮಗಳು ಕುಳಿತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಹಾಲಿನವನು ಕೂಗಿದ್ದರಿಂದ ಮಗು ಉಳಿಯಿತು.

ಅಂದು ಸಂಜೆ ಅವನು ನಮ್ಮಲ್ಲಿಗೆ ಬಂದಾಗಲೂ ಅವನ ಕೈ ನಡುಗುತ್ತಲೇ ಇದ್ದಿತು.

"ಮೇಷ್ಟ್ರೇ, ಹಿಂದಿನ ಗಾಜಿಗೆ ಕಾವು ಕೊಡುವ ಏರ್ಪಾಡು ಕಾರಿನಲ್ಲಿಯೇ ಇದೆ. ಗಾಜು ತಿಳಿಯಾಗುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಕಳ್ಳರ ಭಯಕ್ಕೆ ಹಾಕಿಸಿದ ಅಲಾರಮ್ಮಿನಲ್ಲಿ ಬೇರೆ ಕೆಲಸಕ್ಕೆಂದೇ ಬಿಟ್ಟ ತಂತಿಯೊಂದಿದೆ. ಮನೆಯೊಳಗಿನಿಂದ ರಿಮೋಟ್ ಒತ್ತಿದರೆ, ಕಾಫಿ ಕುಡಿದು ಬರುವಷ್ಟರಲ್ಲಿ ಗಾಜು ತಿಳಿಯಾಗಬಾರದೇಕೆ?" ಎಂದನು.

ಉಪಾಯವು ನಮಗೆ ಮೆಚ್ಚಿಗೆಯಾಯಿತು. "ನೇರವಾಗಿ ಜೋಡಿಸಿಬಿಡು" ಎಂದೆವು.

ಮರುದಿನ ಪೇಟೆಯ ವಾಹನ ವಿದ್ಯುತ್ ಕೆಲಸಗಾರನು ಇದನ್ನು ಕೇಳಿ ನಕ್ಕನಂತೆ. ಇವನೂ ನಮ್ಮಲ್ಲಿ ಎಂಟನೆಯ ತರಗತಿಯವರೆಗೆ ಓದಿದವನೇ. "ಹಾಗೆ ಮಾಡಿದರೆ ಅಲಾರಮ್ ಸುಟ್ಟುಹೋಗುತ್ತದೆಂದು ಮೇಷ್ಟ್ರಿಗೆ ಹೇಳು" ಎಂದನಂತೆ. ಓಮನ ನಿಯಮವನ್ನು 30 ವರ್ಷ ಕರಿಹಲಗೆಯ ಮೇಲೆ ಬರೆದ ನಾವು ಅಂದು ತಲೆ ತಗ್ಗಿಸಿದೆವು.

ಲೆಕ್ಕವು ಸುಲಭವಾದುದೇ. ಹಿಂದಿನ ಗಾಜಿನಲ್ಲಿ ಕಾಣುವ ತೆಳುವಾದ ಗೆರೆಗಳೇ ಕಾವು ಕೊಡುವ ವಾಹಕಗಳು. 12 ವೋಲ್ಟಿನಲ್ಲಿ ಅವು ಸುಮಾರು 15 ಆಂಪಿಯರ್ ವಿದ್ಯುತ್ತನ್ನು ಸೆಳೆದರೆ 180 ವ್ಯಾಟ್ ಆಯಿತು. ಅಲಾರಮ್ಮಿನ ಆ ಸಣ್ಣ ತಂತಿಯಾದರೋ ಸಾಮಾನ್ಯವಾಗಿ ಅರ್ಧ ಆಂಪಿಯರನ್ನು ಮೀರಿ ತಾಳಲಾರದು. ಅದು ಅಪ್ಪಣೆ ಕೊಡಬಲ್ಲುದು, ಹೊರೆ ಹೊರಲಾರದು.

ನಡುವೆ ಬೇಕಾದುದು ರಿಲೇ. ಕೆರೆಯ ತೂಬನ್ನು ಒಬ್ಬನೇ ಎತ್ತಬಲ್ಲನು. ಊರ ಗದ್ದೆಗೆ ಹರಿಯುವ ನೀರನ್ನು ಅವನು ಹೊರಬೇಕಾಗಿಲ್ಲ. ರಿಲೇಯ ಕೆಲಸವೂ ಅಂಥದೇ. ಅದರ 85 ಮತ್ತು 86ನೆಯ ತುದಿಗಳ ನಡುವೆ ಸುರುಳಿಯಿದೆ. ಅಲಾರಮ್ಮಿನಿಂದ ಬಂದ ಅಲ್ಪ ವಿದ್ಯುತ್ತಿಗೆ ಅದು ಅಯಸ್ಕಾಂತವಾಗಿ ಒಳಗಿನ ಕೀಲನ್ನು ಸೆಳೆಯುತ್ತದೆ. ಆಗ 30 ಮತ್ತು 87ನೆಯ ತುದಿಗಳು ಕೂಡಿ, ಬ್ಯಾಟರಿಯ ವಿದ್ಯುತ್ತು ದಪ್ಪ ತಂತಿಯ ಮೂಲಕ ಗಾಜಿಗೆ ಹರಿಯುತ್ತದೆ. ಆ ದಪ್ಪ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ತಕ್ಕ ಫ್ಯೂಸ್ ಇರತಕ್ಕದ್ದು. ಸುರುಳಿಯ ವಿದ್ಯುತ್ತು ನಿಲ್ಲುವಾಗ ಹುಟ್ಟುವ ಹಿಮ್ಮೆಟ್ಟು ಅಲಾರಮ್ಮನ್ನು ಕೆಡಿಸದಂತೆ ಡಯೋಡೊಂದನ್ನೂ ಅವನು ಸೇರಿಸಿದನು.

ಹತ್ತು ನಿಮಿಷಕ್ಕೆ ತಾನೇ ನಿಲ್ಲುವ ಟೈಮರನ್ನು ಹಾಕಲು ಮರೆಯಲಿಲ್ಲ. 15 ಆಂಪಿಯರಿನಂತೆ ಹತ್ತು ನಿಮಿಷಕ್ಕೆ ಎರಡೂವರೆ ಆಂಪಿಯರ್-ಗಂಟೆ ವ್ಯಯವಾಗುತ್ತದೆ. 35 ಆಂಪಿಯರ್-ಗಂಟೆಯ ಒಳ್ಳೆಯ ಬ್ಯಾಟರಿಗೆ ಇದು ಭಾರವಲ್ಲ. ಮರೆತು ಎರಡು ಗಂಟೆ ಬಿಟ್ಟರೆ ಮಾತ್ರ ಕಾರು ಹೊರಡದು.

ಈಗ ಗಾಜು ಸಮಯಕ್ಕೆ ಸರಿಯಾಗಿ ತಿಳಿಯಾಗುತ್ತಿದೆ. ಆದರೂ ನಾವು ಶಿಷ್ಯನಿಂದ ಒಂದು ಮಾತು ಪಡೆದಿದ್ದೇವೆ: ಹತ್ತುವ ಮೊದಲು ಕಾರನ್ನು ಒಂದು ಸುತ್ತು ನಡೆದು ನೋಡತಕ್ಕದ್ದು. ಗಾಜು ಎಷ್ಟೇ ತಿಳಿಯಾದರೂ ಅದರ ಅಂಚಿಗಿಂತ ಕೆಳಗೆ ಕುಳಿತ ಮಗು ಕಾಣಿಸದು. ಮನೆಯಲ್ಲಿ ಕಾರಿರುವ ವಾಚಕರೂ ಈ ಅಭ್ಯಾಸವನ್ನು ನಾಳೆಯಿಂದಲೇ ಆರಂಭಿಸಬೇಕೆಂದು ಬೇಡುತ್ತೇವೆ.